ಹೊಸ ಕ್ಯಾಮೆರಾದ ಚಿತ್ರದಲ್ಲಿ ಎಡಬದಿ ಮಸುಕು: ‘ಮಿತಿಯೊಳಗಿದೆ’ ಎಂದರೆ ಒಪ್ಪಿಕೊಳ್ಳಬೇಕೇ?

ಕೆರೆದಂಡೆ_ಗದಗ

ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕ. ಚಳಿಗಾಲದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳ ಚಿತ್ರ ತೆಗೆಯುವುದು ನನ್ನ ಬಹುಕಾಲದ ಹವ್ಯಾಸ. ಮೂರು ವರ್ಷಗಳ ಉಳಿತಾಯಕ್ಕೆ ನೌಕರರ ಸಹಕಾರ ಸಂಘದ ಸಾಲವನ್ನೂ ಸೇರಿಸಿ, ಹತ್ತೊಂಬತ್ತು ದಿನಗಳ ಹಿಂದೆ ಬೆಂಗಳೂರಿನ ಅಂಗಡಿಯೊಂದರಿಂದ ಫುಲ್ ಫ್ರೇಮ್ ಮಿರರ್‌ಲೆಸ್ ಬಾಡಿ (ಲೆನ್ಸಿಲ್ಲದ ಕ್ಯಾಮೆರಾ) ಮತ್ತು 200-600 ಮಿ.ಮೀ. ಜೂಮ್ ಲೆನ್ಸನ್ನು ಒಟ್ಟು 2,96,000 ರೂಪಾಯಿ ಕೊಟ್ಟು ತಂದೆ.

ತೊಂದರೆಗಳು ಮೂರು. ಒಂದು, ಚಿತ್ರದ ಎಡಗಡೆಯ ಸುಮಾರು ಮೂರನೆಯ ಒಂದು ಭಾಗ ಯಾವಾಗಲೂ ಮಸುಕಾಗಿರುತ್ತದೆ; ಸಾಲಾಗಿ ಕುಳಿತ ಹೆಬ್ಬಾತುಗಳಲ್ಲಿ ನಡುವಿನದರ ತಲೆಯ ಮೇಲಿನ ಎರಡು ಕಪ್ಪು ಪಟ್ಟೆಗಳು ಗೆರೆ ಎಳೆದಂತೆ ಕಾಣುತ್ತವೆ, ಎಡತುದಿಯದರ ತಲೆ ಮಾತ್ರ ಒದ್ದೆ ಕಾಗದದ ಮೇಲೆ ಹರಡಿದ ಶಾಯಿಯಂತಿರುತ್ತದೆ. ಎರಡು, ಎಫ್/16ರಲ್ಲಿ, ಅಂದರೆ ಲೆನ್ಸಿನ ಕಿಂಡಿಯನ್ನು ಬಹಳ ಕಿರಿದಾಗಿಸಿ, ಆಕಾಶದ ಚಿತ್ರ ತೆಗೆದರೆ ಮೇಲ್ಭಾಗದಲ್ಲಿ ಎರಡು ಬೂದುಬಣ್ಣದ ಚುಕ್ಕೆಗಳು ಕಾಣುತ್ತವೆ. ಮೂರು, ಶಾಲೆಯ ವಾರ್ಷಿಕೋತ್ಸವದಲ್ಲಿ ವೇದಿಕೆಯ ಚಿತ್ರಗಳ ಮೇಲೆಲ್ಲ ಅಡ್ಡಡ್ಡವಾಗಿ ಕಪ್ಪು ಪಟ್ಟಿಗಳು ಬಿದ್ದಿವೆ.

ಅಂಗಡಿಯವರು ‘ಮಾರಿದ ಸರಕನ್ನು ಹಿಂಪಡೆಯುವುದಿಲ್ಲ’ ಎಂಬ ಬಿಲ್ಲಿನ ಸಾಲನ್ನು ತೋರಿಸಿದರು. ಸರ್ವೀಸ್ ಸೆಂಟರಿನವರು ಎರಡು ದಿನ ಇಟ್ಟುಕೊಂಡು, ಎಲ್ಲವೂ ಕಂಪನಿಯ ಮಿತಿಯೊಳಗಿದೆ ಎಂದು ಬಾಯಲ್ಲೇ ಹೇಳಿ ಹಿಂತಿರುಗಿಸಿದರು. ದೋಷ ನಿಜವಾಗಿಯೂ ಕ್ಯಾಮೆರಾದ್ದೋ ಅಥವಾ ನನ್ನ ಕೈಯದೋ ಎಂಬ ಅನುಮಾನ ಈಗ ನನಗೇ ಹುಟ್ಟಿದೆ. ಮುಂದೇನು ಮಾಡಬೇಕೆಂದು ತಿಳಿದವರು ದಯವಿಟ್ಟು ತಿಳಿಸಿ.

ಹಳೆ_ಸ್ಟುಡಿಯೋ

ಮೇಷ್ಟ್ರೇ, ಮೂರು ದೂರುಗಳನ್ನು ಒಂದೇ ಉಸಿರಿನಲ್ಲಿ ಹೇಳಿರುವುದೇ ನಿಮ್ಮ ಮೊದಲ ತಪ್ಪು. ಅವುಗಳಲ್ಲಿ ಒಂದು ದೋಷವೇ ಅಲ್ಲ, ಇನ್ನೊಂದು ಸಣ್ಣದು, ಮತ್ತೊಂದು ಗಂಭೀರವಾದದ್ದಿರಬಹುದು. ಸರ್ವೀಸ್ ಸೆಂಟರಿನವರು ಮೂರರಲ್ಲಿ ದುರ್ಬಲವಾದುದನ್ನು ಹಿಡಿದುಕೊಂಡು ಉಳಿದೆರಡನ್ನೂ ತಳ್ಳಿಹಾಕಲು ನೀವೇ ದಾರಿ ಮಾಡಿಕೊಟ್ಟಂತಾಯಿತು.

ಅಡ್ಡಪಟ್ಟಿಗಳನ್ನು ಮೊದಲು ಮರೆತುಬಿಡಿ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 50 ಹರ್ಟ್ಸ್‌ನದು. ಅದರಿಂದ ಉರಿಯುವ ಅನೇಕ ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. ಎಲೆಕ್ಟ್ರಾನಿಕ್ ಶಟರ್ ಚಿತ್ರ ಸೆರೆಹಿಡಿಯುವ ಸೆನ್ಸರನ್ನು ಸಾಲುಸಾಲಾಗಿ ಓದುತ್ತಾ ಹೋಗುವುದರಿಂದ, ದೀಪ ಮಂಕಾದ ಗಳಿಗೆಯಲ್ಲಿ ಓದಿದ ಸಾಲುಗಳು ಕಪ್ಪಾಗಿ ಬೀಳುತ್ತವೆ. ಮೆಕ್ಯಾನಿಕಲ್ ಶಟರಿಗೆ ಬದಲಿಸಿ, ವೇಗವನ್ನು 1/100 ಅಥವಾ 1/50ಕ್ಕೆ ಇಳಿಸಿ ನೋಡಿ. ಬಾಡಿಗೆಯ ಅಗ್ಗದ ವೇದಿಕೆ ದೀಪಗಳು ಕೆಲವೊಮ್ಮೆ ಈ ಲೆಕ್ಕಕ್ಕೂ ಬಗ್ಗುವುದಿಲ್ಲ. ಅದಕ್ಕೆ ಕ್ಯಾಮೆರಾವನ್ನು ದೂರಿ ಪ್ರಯೋಜನವಿಲ್ಲ.

ಚುಕ್ಕೆಗಳು ಸೆನ್ಸರಿನ ಮೇಲಿನ ದೂಳಿನವು ಅಥವಾ ಶಟರಿನಿಂದ ಸಿಡಿದ ಎಣ್ಣೆಯ ಕಣಗಳವು. ಎಫ್/6.3ರಲ್ಲಿ ಕಾಣದೆ ಎಫ್/16ರಲ್ಲಿ ಕಾಣುವುದೇ ಅದರ ಗುರುತು. ಚಿತ್ರ ಸೆನ್ಸರಿನ ಮೇಲೆ ತಲೆಕೆಳಗಾಗಿ ಬೀಳುವುದರಿಂದ, ಆಕಾಶದಲ್ಲಿ ಕಂಡ ಚುಕ್ಕೆಯನ್ನು ಸೆನ್ಸರಿನ ಕೆಳಭಾಗದಲ್ಲಿ ಹುಡುಕಬೇಕು. ಮೆನುವಿನಲ್ಲಿ ಸೆನ್ಸರ್ ಸ್ವಚ್ಛತೆಯ ಆಯ್ಕೆಯನ್ನು ಒತ್ತಿ, ಬಾಡಿಯ ಬಾಯನ್ನು ಕೆಳಮುಖವಾಗಿ ಹಿಡಿದು, ರಬ್ಬರ್ ಬ್ಲೋವರಿನಿಂದ ಗಾಳಿ ಹಾಯಿಸಿ. ಬಾಯಿಯಿಂದ ಊದಬೇಡಿ, ಎಂಜಲಿನ ಹನಿ ಬಿದ್ದರೆ ದೂಳೇ ವಾಸಿ ಎನಿಸುತ್ತದೆ. ದೂಳು ಹಾರುತ್ತದೆ, ಎಣ್ಣೆ ಹಾರುವುದಿಲ್ಲ. ಸ್ವಚ್ಛಗೊಳಿಸಿದ ಮೇಲೂ ಹೊಸ ಚುಕ್ಕೆಗಳು ಮತ್ತೆ ಮತ್ತೆ ಮೂಡುತ್ತಿದ್ದರೆ ಮಾತ್ರ ಅದನ್ನು ದೋಷವೆನ್ನಬೇಕು. 2012ರಲ್ಲಿ ಮಾರುಕಟ್ಟೆಗೆ ಬಂದ ನಿಕಾನ್ ಡಿ600 ಕ್ಯಾಮೆರಾದಲ್ಲಿ ಹೀಗೇ ಆಗುತ್ತಿತ್ತು. ಕೊಂಡವರು ಬಿಡದೆ ದೂರಿದ ಮೇಲೆ, ವಾರಂಟಿ ಮುಗಿದಿದ್ದರೂ ಉಚಿತವಾಗಿ ಸ್ವಚ್ಛಗೊಳಿಸಿ ಶಟರನ್ನು ಬದಲಿಸಿಕೊಡುವುದಾಗಿ 2014ರಲ್ಲಿ ಕಂಪನಿಯೇ ಪ್ರಕಟಿಸಬೇಕಾಯಿತು.

ಉಳಿದದ್ದು ಎಡಬದಿಯ ಮಸುಕು. ಇದನ್ನು ಕೆರೆಯ ದಂಡೆಯಲ್ಲಿ ಪರೀಕ್ಷಿಸಬೇಡಿ. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಬಿಸಿಗಾಳಿ 600 ಮಿ.ಮೀ.ನಲ್ಲಿ ಯಾವ ಲೆನ್ಸನ್ನೂ ಸುಳ್ಳಾಗಿಸುತ್ತದೆ. ಶಾಲೆಯ ಗೋಡೆಗೆ ದಿನಪತ್ರಿಕೆಯ ಒಂದು ಅಗಲ ಹಾಳೆಯನ್ನು ಬಿಡಿಸಿ ಸುಕ್ಕಿಲ್ಲದಂತೆ ಅಂಟಿಸಿ. ಹತ್ತು ಮೀಟರ್ ದೂರದಲ್ಲಿ ಟ್ರೈಪಾಡ್ ನಿಲ್ಲಿಸಿದರೆ 600 ಮಿ.ಮೀ.ನಲ್ಲಿ ಸುಮಾರು 60 ಸೆಂ.ಮೀ. ಅಗಲ ಸಿಗುತ್ತದೆ, ಅಂದರೆ ಆ ಹಾಳೆಯೇ ಚೌಕಟ್ಟನ್ನು ತುಂಬುತ್ತದೆ. ಸ್ಟೆಬಿಲೈಸೇಶನ್ (ಕೈನಡುಕ ಸರಿದೂಗಿಸುವ ವ್ಯವಸ್ಥೆ) ನಿಲ್ಲಿಸಿ, ಅಪರ್ಚರನ್ನು, ಅಂದರೆ ಲೆನ್ಸಿನ ಕಿಂಡಿಯನ್ನು, ಪೂರ್ತಿ ತೆರೆದು, ನಡುವಿನ ಅಕ್ಷರದ ಮೇಲೆ ಫೋಕಸ್ ಮಾಡಿ, ಎರಡು ಸೆಕೆಂಡಿನ ಟೈಮರಿನಲ್ಲಿ ಚಿತ್ರ ತೆಗೆಯಿರಿ. ಬಳಿಕ ಟ್ರೈಪಾಡನ್ನು ಅಲುಗಿಸದೆ ಲೆನ್ಸಿನ ಕಾಲರನ್ನು (ಲೆನ್ಸನ್ನು ಟ್ರೈಪಾಡಿಗೆ ಹಿಡಿದಿಡುವ ಬಳೆಯನ್ನು) ಸಡಿಲಿಸಿ, ಬಾಡಿ ಮತ್ತು ಲೆನ್ಸನ್ನು ಒಟ್ಟಿಗೇ ಅರ್ಧ ಸುತ್ತು ತಿರುಗಿಸಿ, ಮತ್ತೊಂದು ಚಿತ್ರ ತೆಗೆಯಿರಿ. ಎರಡರಲ್ಲೂ ಹಾಳೆಯ ಅದೇ ಬದಿ ಮಸುಕಾಗಿದ್ದರೆ ಕ್ಯಾಮೆರಾ ಗೋಡೆಗೆ ನೇರವಾಗಿ ನಿಂತಿಲ್ಲವೆಂದರ್ಥ. ಮೊದಲು ಹಾಳೆಯ ಎಡಬದಿ, ತಿರುಗಿಸಿದ ಮೇಲೆ ಬಲಬದಿ ಮಸುಕಾದರೆ ದೋಷ ಉಪಕರಣದ್ದೇ. ಆಗ ಬೇರೊಂದು ಲೆನ್ಸನ್ನು ಅದೇ ಕ್ಯಾಮೆರಾ ಬಾಡಿಗೆ ಹಾಕಿ ನೋಡಿ. ಮಸುಕು ಹೋದರೆ ನಿಮ್ಮ ಲೆನ್ಸಿನೊಳಗಿನ ಗಾಜೊಂದು ವಾಲಿದೆ ಅಥವಾ ಕೇಂದ್ರ ತಪ್ಪಿ ಕೂತಿದೆ, ಉಳಿದರೆ ಮೌಂಟ್ (ಬಾಡಿಯಲ್ಲಿ ಲೆನ್ಸ್ ಕೂರುವ ಬಳೆ) ಅಥವಾ ಸೆನ್ಸರ್ ವಾಲಿದೆ ಎನ್ನಬಹುದು.

ಧಾರವಾಡದ_ಕರಿಕೋಟು

ಪರೀಕ್ಷೆಯ ವಿಷಯವನ್ನು ಹಿರಿಯರು ವಿವರಿಸಿದ್ದಾರೆ. ಕಾನೂನಿನ ಮಟ್ಟಿಗೆ ಹೇಳುವುದಾದರೆ, ಬಿಲ್ಲಿನ ಮೇಲೆ ಅಚ್ಚಾದ ಆ ಸಾಲಿಗೆ ನೀವು ಹೆದರಬೇಕಾಗಿಲ್ಲ. ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಎಂದು ಹಿಂತಿರುಗಿಸಲು ಹೋದರೆ ಅದು ನಡೆದೀತು. ದೋಷವಿರುವ ಸರಕಿನ ವಿಷಯದಲ್ಲಿ ನಡೆಯುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಕಲಂ 2(47)ರ ಪ್ರಕಾರ, ದೋಷಪೂರಿತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನೇ ಹೇಳಿರದಿದ್ದರೆ ಮೂವತ್ತು ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎನಿಸುತ್ತದೆ. ನಿಮಗೆ ಹತ್ತೊಂಬತ್ತು ದಿನಗಳಾಗಿವೆ. ಆದ್ದರಿಂದ ಫೋನಿನಲ್ಲಿ ಕೂಗಾಡುತ್ತಾ ದಿನ ಕಳೆಯದೆ, ಲಿಖಿತ ದೂರನ್ನು ಈ ವಾರವೇ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಅಂಗಡಿಗೂ ತಯಾರಕ ಕಂಪನಿಗೂ ಕಳುಹಿಸಿ. ಬಿಲ್ಲಿನ ಸಂಖ್ಯೆ, ಬಾಡಿ ಮತ್ತು ಲೆನ್ಸಿನ ಸೀರಿಯಲ್ ನಂಬರ್, ದೋಷವನ್ನು ಮೊದಲು ಕಂಡ ದಿನಾಂಕ, ಸರ್ವೀಸ್ ಸೆಂಟರಿಗೆ ಹೋದ ದಿನಾಂಕ, ನೀವು ಕೇಳುತ್ತಿರುವುದು ಬದಲಿ ಲೆನ್ಸೋ ಹಣವೋ ಎಂಬುದು, ಇಷ್ಟು ಅದರಲ್ಲಿದ್ದರೆ ಸಾಕು. ಸಾಲದ ಕಥೆ ಬೇಡ.

ಅವರು ಜಗ್ಗದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಎಷ್ಟೋ ವ್ಯಾಜ್ಯಗಳು ಅಲ್ಲಿಗೇ ಮುಗಿಯುತ್ತವೆ. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಅಂಗಡಿ ಬೆಂಗಳೂರಿನಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಸರಕಿಗೆ ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ, ಕಾಲಮಿತಿ ಎರಡು ವರ್ಷ, ವಕೀಲರ ಅಗತ್ಯವೂ ಇಲ್ಲ (ನಾನೇ ವಕೀಲನಾಗಿದ್ದು ಇದನ್ನು ಹೇಳುತ್ತಿದ್ದೇನೆ). ಆದರೆ ಪ್ರಯೋಗಾಲಯದ ಪರೀಕ್ಷೆ ಬೇಕಾದ ದೂರುಗಳನ್ನು ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯಿದೆ ಹೇಳಿದರೂ, ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಕಾಲ ಹಿಡಿಯಬಹುದು ಎಂಬ ಸಿದ್ಧತೆಯಿರಲಿ. ಇನ್ನೊಂದು ಮಾತು: ಈ ನಡುವೆ ಯಾರಾದರೂ ಮದುವೆಯ ಚಿತ್ರ ತೆಗೆದುಕೊಡಿ ಎಂದು ಹಣ ಕೊಡಲು ಬಂದರೆ ಒಪ್ಪಿಕೊಳ್ಳಬೇಡಿ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲವೆಂಬ ವಾದವೇ ಎದುರು ಪಕ್ಷದ ಮೊದಲ ಅಸ್ತ್ರ.

ಕೌಂಟರ್_ಹಿಂದಿನವ

ನಾನು ಕ್ಯಾಮೆರಾ ಅಂಗಡಿಯೊಂದರಲ್ಲಿ ಆರು ವರ್ಷ ಕೆಲಸ ಮಾಡಿದವನು, ಆದ್ದರಿಂದ ಆ ಕಡೆಯ ಕಷ್ಟವನ್ನೂ ಹೇಳುತ್ತೇನೆ. ಅಂಗಡಿಯವನು ನಿಮ್ಮಿಂದ ಲೆನ್ಸ್ ಹಿಂಪಡೆದರೆ ಅದನ್ನು ಕಂಪನಿಗೆ ಮರಳಿಸಬೇಕು. ಬಂದಾಗಲೇ ಕೆಟ್ಟಿತ್ತು ಎಂದು ಸರ್ವೀಸ್ ಸೆಂಟರ್ ಬರೆದುಕೊಡುವ ಪತ್ರವಿಲ್ಲದೆ, ನಮ್ಮ ಮಾತಿನಲ್ಲಿ ಡಿಒಎ ಪತ್ರವಿಲ್ಲದೆ, ಕಂಪನಿ ಅದನ್ನು ಮುಟ್ಟುವುದಿಲ್ಲ. ಆ ಪತ್ರಕ್ಕಾಗಿಯೇ ನೀವು ಜಗಳವಾಡಬೇಕು. ಈ ಬಾರಿ ಸರ್ವೀಸ್ ಸೆಂಟರಿಗೆ ಹೋದಾಗ ಜಾಬ್ ಶೀಟ್‌ನಲ್ಲಿ ‘ಚೆಕ್ ಮಾಡಿ’ ಎಂದಷ್ಟೇ ಬರೆಯಲು ಬಿಡಬೇಡಿ, ‘600 ಮಿ.ಮೀ., ಎಫ್/6.3, ಚೌಕಟ್ಟಿನ ಎಡಬದಿ ಮಸುಕು’ ಎಂದು ಬರೆಸಿ, ಮೈಮೇಲೆ ಗೀರಿಲ್ಲ ಎಂಬುದನ್ನೂ ನಮೂದಿಸಿ, ಪ್ರತಿಯನ್ನು ಕೈಗೆ ತೆಗೆದುಕೊಂಡೇ ಹೊರಬನ್ನಿ. ದಿನಪತ್ರಿಕೆಯ ಎರಡು ಚಿತ್ರಗಳ ಮೂಲ ಕಡತಗಳನ್ನು ಪೆನ್‌ಡ್ರೈವಿನಲ್ಲಿ ಕೊಡಿ, ನಿಮ್ಮ ಮೆಮೊರಿ ಕಾರ್ಡನ್ನು ಕೊಡಬೇಡಿ.

ವಕೀಲರ ಮಾತಿಗೆ ಒಂದು ಸೇರ್ಪಡೆ. ‘ಬಿಚ್ಚಿ ಸರಿಪಡಿಸಿ ಕೊಡುತ್ತೇವೆ’ ಎಂದರೆ ಕೂಡಲೇ ತಲೆಯಾಡಿಸಬೇಡಿ. ಒಮ್ಮೆ ಬಿಚ್ಚಿದ ಲೆನ್ಸನ್ನು ಹೊಸದಕ್ಕೆ ಬದಲಿಸಿಕೊಡಿ ಎಂದು ಕೇಳುವುದು ಬಹಳ ಕಷ್ಟ, ಮತ್ತು ಇಷ್ಟು ದೊಡ್ಡ ಜೂಮಿನ ಗಾಜುಗಳನ್ನು ಮತ್ತೆ ಸರಿಯಾಗಿ ಕೂರಿಸುವುದು ಎಲ್ಲ ಕೈಗಳಿಗೂ ಬರುವ ಕೆಲಸವಲ್ಲ.

ಕೆರೆದಂಡೆ_ಗದಗ

ಹದಿನಾರು ದಿನಗಳ ನಂತರ ಬರೆಯುತ್ತಿದ್ದೇನೆ. ಮೆಕ್ಯಾನಿಕಲ್ ಶಟರಿಗೆ ಬದಲಿಸಿ 1/100ರಲ್ಲಿ ತೆಗೆದಾಗ ಪಟ್ಟಿಗಳು ಮಾಯವಾದವು. ಆ ದೂರನ್ನು ನಾನೇ ಹಿಂತೆಗೆದುಕೊಂಡೆ. ಬ್ಲೋವರಿನಿಂದ ಒಂದು ಚುಕ್ಕೆ ಹೋಯಿತು, ಇನ್ನೊಂದು ಕದಲಲಿಲ್ಲ.

ಏಳನೆಯ ತರಗತಿಯ ಕೋಣೆಯ ಹೊರಗೋಡೆಗೆ ಹಾಳೆ ಅಂಟಿಸಿ ಪರೀಕ್ಷಿಸಿದೆ. ಮೊದಲ ಚಿತ್ರದಲ್ಲಿ ಎಡತುದಿಯ ಕೃಷಿ ಮಾರುಕಟ್ಟೆ ಧಾರಣೆಯ ಅಂಕಿಗಳನ್ನು ಓದಲಾಗಲಿಲ್ಲ. ಕಾಲರ್ ಸಡಿಲಿಸಿ ತಿರುಗಿಸಿದ ಮೇಲೆ ಕಡಲೆಯ ದರ, ಹೆಸರಿನ ದರ ಎಲ್ಲವೂ ಸ್ಫುಟವಾಗಿ ಕಂಡು, ಬಲತುದಿಯ ವರ್ಗೀಕೃತ ಜಾಹೀರಾತುಗಳು ಮಸುಕಾದವು. ಗೆಳೆಯರೊಬ್ಬರ ಲೆನ್ಸ್ ಹಾಕಿದಾಗ ಎರಡೂ ಬದಿ ಚೊಕ್ಕಟವಾಗಿದ್ದವು.

ಕೊಂಡ ಇಪ್ಪತ್ನಾಲ್ಕನೆಯ ದಿನ ಎರಡೂ ಕಡೆಗೆ ಪತ್ರ ಕಳುಹಿಸಿದೆ. ಸರ್ವೀಸ್ ಸೆಂಟರಿನಲ್ಲಿ ಈ ಬಾರಿ ಬೇರೊಬ್ಬ ತಂತ್ರಜ್ಞರು ಚಿತ್ರಗಳನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿ, ಹೆಚ್ಚು ಮಾತಾಡದೆ ‘ಗಾಜಿನ ಜೋಡಣೆಯಲ್ಲಿ ವ್ಯತ್ಯಾಸ’ ಎಂದು ಬರೆದುಕೊಟ್ಟರು. ಸೆನ್ಸರನ್ನೂ ಅಲ್ಲೇ ಸ್ವಚ್ಛಗೊಳಿಸಿದರು. ಆ ಕಾಗದವನ್ನು ಕಂಡ ಅಂಗಡಿಯವರು ಒಂಬತ್ತು ದಿನಗಳಲ್ಲಿ ಬೇರೆ ಲೆನ್ಸ್ ತರಿಸಿಕೊಟ್ಟರು. ಅವರ ಮಳಿಗೆಯ ಗೋಡೆಯ ಮೇಲೇ ಹಾಳೆ ಅಂಟಿಸಿ ನೋಡಿದ ನಂತರವೇ ಹಳೆಯದನ್ನು ಒಪ್ಪಿಸಿದೆ. ಅಂಟಿನ ಗುರುತು ಉಳಿಯಿತೆಂದು ಅವರು ಸ್ವಲ್ಪ ಗೊಣಗಿದರು.

ಒಂದು ಅನುಮಾನ ಮಾತ್ರ ಉಳಿದಿದೆ. ಹೊಸ ಲೆನ್ಸಿನಲ್ಲಿ ಬಲಗಡೆಯ ಕೆಳಮೂಲೆ 600 ಮಿ.ಮೀ.ನಲ್ಲಿ ಕೂದಲೆಳೆಯಷ್ಟು ಮೆತ್ತಗಿದೆ, ಎಫ್/8ಕ್ಕೆ ಹೋದರೆ ಸರಿಯಾಗುತ್ತದೆ. ಇದನ್ನೂ ದೂರಬೇಕೇ?

ಹಳೆ_ಸ್ಟುಡಿಯೋ

ಬೇಡ. ಅಪರ್ಚರ್ ಪೂರ್ತಿ ತೆರೆದಾಗ ಮೂಲೆಯಲ್ಲಿ ಅಷ್ಟು ವ್ಯತ್ಯಾಸವಿಲ್ಲದ ಉದ್ದನೆಯ ಜೂಮನ್ನು ನಾನಿನ್ನೂ ಕಂಡಿಲ್ಲ. ಹೆಬ್ಬಾತುಗಳು ಮರಳಿ ಹೊರಡುವ ದಿನಗಳು ಹತ್ತಿರವಾಗುತ್ತಿವೆ. ಹಾಳೆಯನ್ನು ಗೋಡೆಯಿಂದ ಕಿತ್ತು ಕೆರೆಗೆ ಹೋಗಿ.