ಮನೆಮಂದಿ ಗುಂಪಿನಲ್ಲಿ ಬೆಕಿ ಹ್ಯಾಮನ್

ಅಣ್ಣ: (ವಿಡಿಯೊ) 2020ರ ಡಿಸೆಂಬರ್ 30. ರೆಫರಿಯ ಮೇಲೆ ರೇಗಿದ್ದಕ್ಕೆ ಬಾಸ್ಕೆಟ್‌ಬಾಲ್ ತಂಡ ಸ್ಪರ್ಸ್‌ನ ಮುಖ್ಯ ಕೋಚ್ ಪೊಪೊವಿಚ್ ಅಂಕಣದಿಂದ ಹೊರಕ್ಕೆ. ಹೋಗುತ್ತ ಸಹಾಯಕ ಕೋಚ್ ಬೆಕಿ ಹ್ಯಾಮನ್ ಕಡೆ ಬೆರಳು ತೋರಿಸಿದರು, ಅಷ್ಟೇ. ಅಮೆರಿಕದ ಗಂಡಸರ ಎನ್‌ಬಿಎ ಲೀಗ್ ಪಂದ್ಯದಲ್ಲಿ ಹೆಣ್ಣುಮಗಳೊಬ್ಬಳು ಮುಖ್ಯ ಕೋಚ್ ಜಾಗದಲ್ಲಿ ನಿಂತದ್ದು ಅದೇ ಮೊದಲು.

ದೊಡ್ಡಪ್ಪ: ನೋಡಿದೆ. ಆ ಪಂದ್ಯ ಸೋತರಲ್ಲ?

ನಾನು: ಹೌದು ದೊಡ್ಡಪ್ಪ. ಲೇಕರ್ಸ್ 121, ಸ್ಪರ್ಸ್ 107. ಆ ಸೀಸನ್‌ನಲ್ಲಿ ಸ್ಪರ್ಸ್ ಒಟ್ಟು 39 ಪಂದ್ಯ ಸೋತಿತು. ಉಳಿದ ಸೋಲುಗಳನ್ನು ಯಾರೂ ಗಂಡಸರ ಲೆಕ್ಕಕ್ಕೆ ಬರೆಯಲಿಲ್ಲ.

ದೊಡ್ಡಪ್ಪ: ಮಾತು ತಿರುಗಿಸಬೇಡ. ಮೂವತ್ತು ವರ್ಷ ಶಾಲೆಯ ಹುಡುಗರನ್ನು ಆಡಿಸಿದವನು ನಾನು. ಅಲ್ಲಿರುವುದು ಏಳಡಿ ಆಳುಗಳು, ಕೋಟಿಗಟ್ಟಲೆ ಸಂಬಳ. ಅದೇ ಮಟ್ಟದಲ್ಲಿ ಆಡಿ ಬಂದವರ ಮಾತಿಗೆ ಮಾತ್ರ ಬಗ್ಗುತ್ತಾರೆ.

ಚಿಕ್ಕಮ್ಮ: ಪೊಪೊವಿಚ್ ಎನ್‌ಬಿಎಯಲ್ಲಿ ಆಡಿದ್ದು ಯಾವಾಗ ಭಾವ? ಮಯಾಮಿ ತಂಡದ ಕೋಚ್ ಸ್ಪೋಲ್‌ಸ್ಟ್ರಾ ಕೂಡ ಆಡಿಲ್ಲ.

ನಾನು: ಸ್ಪರ್ಸ್ ಆಟಗಾರ, ಏಳಡಿಯ ಪಾವ್ ಗಸೋಲ್ 2018ರಲ್ಲೇ ಹ್ಯಾಮನ್ ಪರವಾಗಿ ಬಹಿರಂಗ ಪತ್ರ ಬರೆದರು. ಅದರಲ್ಲಿ ನನಗೆ ಹಿಡಿಸಿದ್ದು, ಅಭ್ಯಾಸದ ನಡುವೆ ಆಕೆ ಒಂದು ಪಾಸನ್ನು ತಿದ್ದಿದ ಪ್ರಸಂಗ. ಅಲ್ಲಿ ಯಾರೂ ಮುಖ ತಿರುಗಿಸಲಿಲ್ಲ.

ಅಣ್ಣ: ಎನ್‌ಬಿಎಯ ಪೋರ್ಟ್‌ಲ್ಯಾಂಡ್ ತಂಡದ ಕಥೆ ಕೇಳಿ. 2021ರಲ್ಲಿ ಮುಖ್ಯ ಕೋಚ್ ಹುದ್ದೆಗೆ ಹ್ಯಾಮನ್ ಕೊನೆಯ ಸುತ್ತಿನವರೆಗೂ ಇದ್ದರು. ಪೊಪೊವಿಚ್ ಪಕ್ಕದಲ್ಲಿ ಏಳು ಸೀಸನ್ ಕುಳಿತವರು. ಕೆಲಸ ಸಿಕ್ಕಿದ್ದು ಚಾನ್ಸಿ ಬಿಲಪ್ಸ್‌ಗೆ. ಸಹಾಯಕ ಕೋಚ್ ಆಗಿ ಒಂದೇ ಸೀಸನ್! ಆಟಗಾರರಾಗಿ ದೊಡ್ಡವರೇ, ಒಪ್ಪಿದೆ. ಆದರೆ ಹೆಂಗಸಿನ ಅನುಭವವನ್ನು ಗುಂಜಿ ಗುಂಜಿ ತೂಗುವ ತಕ್ಕಡಿ ಅವತ್ತು ಎಲ್ಲಿತ್ತು?

ದೊಡ್ಡಪ್ಪ: ಆಮೇಲೆ ಲಾಸ್ ವೇಗಸ್‌ಗೆ ಹೋದರಲ್ಲ, ಮಹಿಳೆಯರ ತಂಡಕ್ಕೆ.

ಚಿಕ್ಕಮ್ಮ: ಹೋಗಿ 2022, 2023, 2025ರಲ್ಲಿ ಪ್ರಶಸ್ತಿ ಗೆದ್ದರು. ಇನ್ನು ಎನ್‌ಬಿಎಯವರೇ ಬಾಗಿಲಿಗೆ ಬಂದು ಕೇಳಬೇಕು.

ನಾನು: ಗಂಡಸರ ತಂಡವೇ ಬೇಕೆಂದರೆ ಸ್ಟಾಕ್‌ಟನ್ ಕಿಂಗ್ಸ್ ಇದೆ. ಅದನ್ನು ಆಡಿಸಿದ ಲಿಂಡ್ಸೆ ಹಾರ್ಡಿಂಗ್ 2024ರಲ್ಲಿ ಎನ್‌ಬಿಎಯ ಕಿರಿಯ ಲೀಗ್ ಆದ ಜಿ ಲೀಗ್‌ನ ವರ್ಷದ ಕೋಚ್ ಆದರು.

ದೊಡ್ಡಪ್ಪ: ಆಗುವುದಿಲ್ಲ ಎಂದು ನಾನು ಎಲ್ಲಿ ಹೇಳಿದೆ? ಕಷ್ಟ ಎಂದೆ.

ದೊಡ್ಡಮ್ಮ: ರೀ, ತುಮಕೂರಿನ ಪಂದ್ಯದ ದಿನ ನಿಮಗೆ ಜ್ವರ. ಹುಡುಗರನ್ನು ಬಸ್ಸು ಹತ್ತಿಸಿಕೊಂಡು ಹೋದದ್ದು ಯಾರು?

ದೊಡ್ಡಪ್ಪ: ಕರೆದುಕೊಂಡು ಹೋಗುವುದು ಬೇರೆ, ಆಡಿಸುವುದು ಬೇರೆ.

ದೊಡ್ಡಮ್ಮ: ಟೈಮ್‌ಔಟ್ ಕೇಳಿದ್ದೂ ನಾನೇ. ಎರಡು ಸಲ.