ಸಹಾಯ ಬೇಕು: ವ್ಯಾಯಾಮ ಮಾಡಿದ ದಿನವೇ ನಿದ್ದೆ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನನಗೆ 48 ವರ್ಷ, ಊರು ಮೈಸೂರು. ಮುಟ್ಟು ಏರುಪೇರಾಗಿ ಒಂದು ವರ್ಷವಾಯಿತು. ಆಗಿನಿಂದ ರಾತ್ರಿ ಎರಡೂವರೆ ಹೊತ್ತಿಗೆ ಮೈಯೆಲ್ಲ ಕಾದಂತಾಗಿ ಎಚ್ಚರವಾಗುತ್ತದೆ. ದಿಂಬಿನ ಕವರ್ ಬೆವರಿಗೆ ಒದ್ದೆ. ದಿಂಬು ಮಗುಚಿ ಹಾಕಿ ಮಲಗಿದರೂ ಹಾಲಿನವರು ಬರುವವರೆಗೆ ಕಣ್ಣು ಬಿಟ್ಟುಕೊಂಡೇ ಇರುತ್ತೇನೆ.

ಡಾಕ್ಟರು ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ ಎಂದರು. ಥೈರಾಯ್ಡ್ ಸರಿ ಇದೆಯಂತೆ. ಬೆಳಿಗ್ಗೆ ತಿಂಡಿ, ಡಬ್ಬಿ, ಆಫೀಸು, ಬಿಡುವೇ ಇಲ್ಲ. ಹಾಗಾಗಿ ರಾತ್ರಿ ಒಂಬತ್ತಕ್ಕೆ ಮನೆಯಲ್ಲೇ ಸ್ಕಿಪ್ಪಿಂಗ್ ಮಾಡುತ್ತಿದ್ದೇನೆ. ಹತ್ತೂವರೆಗೆ ಮಲಗಿದರೆ ಎದೆ ಇನ್ನೂ ಡವಡವ ಅನ್ನುತ್ತಿರುತ್ತದೆ. ನಿದ್ದೆ ಹತ್ತಲು ಮೈ ಸ್ವಲ್ಪ ತಣ್ಣಗಾಗಬೇಕು, ಬಿರುಸಿನ ವ್ಯಾಯಾಮ ಮೈ ಬಿಸಿ ಏರಿಸುತ್ತದೆ. ಅದಕ್ಕೇ ಇರಬೇಕು ಅಲ್ವಾ? ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿದರೆ ಮಾತ್ರ ಆ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ.

ಇದೇ ವಯಸ್ಸು ದಾಟಿದ ಅಕ್ಕಂದಿರೇ, ನೀವು ಯಾವ ಹೊತ್ತಿಗೆ ವ್ಯಾಯಾಮ ಮಾಡುತ್ತೀರಿ? ಸಂಜೆ ಆರಕ್ಕೆ ಮುಗಿಸಿದರೆ ವ್ಯತ್ಯಾಸ ಆಯಿತಾ? ಮಧ್ಯಾಹ್ನ ಊಟವಾದ ಮೇಲೆ ಆಫೀಸಿನ ಸುತ್ತ ಹತ್ತು ಹತ್ತು ನಿಮಿಷ ನಡೆದವರು ಯಾರಾದರೂ ಇದ್ದೀರಾ? ವ್ಯಾಯಾಮ ಬಿಡಲು ನನಗೆ ಸುತರಾಂ ಇಷ್ಟವಿಲ್ಲ, ಮಂಡಿ ನೋವು ಎಷ್ಟೋ ಕಡಿಮೆಯಾಗಿದೆ. ದಯವಿಟ್ಟು ನಿಮ್ಮ ಅನುಭವ ಬರೆಯಿರಿ.