ಚಂಡಮಾರುತ ಅಲ್ಲಿ, ಕಾಯುವವರು ಇಲ್ಲಿ: ನೀವು ಆ ದಿನಗಳನ್ನು ಹೇಗೆ ಕಳೆದಿರಿ?

ಶಿವಮೊಗ್ಗದಿಂದ ಬಂದ ಪ್ರಶ್ನೆ

ನಾನು ನಿವೃತ್ತ ಶಾಲಾ ಶಿಕ್ಷಕ. ಮಗಳು, ಅಳಿಯ, ಮೂರು ವರ್ಷದ ಮೊಮ್ಮಗ ಈ ಬೇಸಿಗೆಯಲ್ಲಿ ಅಮೆರಿಕದ ಫ್ಲಾರಿಡಾಕ್ಕೆ, ಟ್ಯಾಂಪಾ ನಗರಕ್ಕೆ ಮನೆ ಬದಲಿಸಿದ್ದಾರೆ. ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಹರಿಕೇನ್ ಕಾಲವಂತೆ. 2024ರ ಮಿಲ್ಟನ್ ಚಂಡಮಾರುತದ ದೃಶ್ಯಗಳನ್ನು ಯಾರೋ ತೋರಿಸಿದ ದಿನದಿಂದ ನನ್ನ ಹೆಂಡತಿಗೆ ಸರಿಯಾಗಿ ನಿದ್ದೆ ಇಲ್ಲ. ಮಳೆಗಾಲದ ತುಂಗೆಯನ್ನು ಕಂಡವರು ನಾವು, ನೀರಿನ ಭಯ ಹೊಸದಲ್ಲ. ಆದರೆ ನಾಲ್ಕೈದು ದಿನ ಮೊದಲೇ ಬರುತ್ತದೆಂದು ತಿಳಿದೂ ಇಷ್ಟು ದೂರದಲ್ಲಿ ಕುಳಿತು ನೋಡುತ್ತಿರುವುದು ಹೇಗೆ? ಮಗಳಿಂದ ಮೊದಲೇ ಏನೇನು ತಿಳಿದುಕೊಂಡಿರಬೇಕು? ಫೋನ್ ಸಿಗದೆ ಹೋದಾಗ ನೀವೆಲ್ಲ ಏನು ಮಾಡಿದಿರಿ?

ಮೈಸೂರಿನ ಒಬ್ಬ ತಾಯಿ

ಮೇಷ್ಟ್ರೇ, ಇದನ್ನು ನಿಮ್ಮ ಮನೆಯವರಿಗೆ ಓದಿ ಹೇಳಿ.

ಮಿಲ್ಟನ್ ಬಂದದ್ದು ನವರಾತ್ರಿಯಲ್ಲಿ. ಮನೆಯಲ್ಲಿ ಗೊಂಬೆ ಕೂರಿಸಿದ್ದೆವು, ಊರಿಗೆ ಊರೇ ದೀಪ ಹೊತ್ತಿತ್ತು. ನನ್ನ ಮಗ ಸೊಸೆ ಇರುವುದು ಟ್ಯಾಂಪಾದ ಉತ್ತರಕ್ಕೆ, ಕಡಲಿನಿಂದ ಒಳಗೆ. ಅಕ್ಟೋಬರ್ 7ರ ಸೋಮವಾರ ಅದು ಮೆಕ್ಸಿಕೊ ಕೊಲ್ಲಿಯ ಮೇಲೆ ಐದನೆಯ, ಅಂದರೆ ಅತಿ ಪ್ರಬಲ ವರ್ಗಕ್ಕೆ ಏರಿತು. ಗಾಳಿಯ ವೇಗ ಗಂಟೆಗೆ 290 ಕಿಲೋಮೀಟರಿನ ಆಸುಪಾಸು ಎಂದು ಓದಿದವಳು ಆರತಿ ತಟ್ಟೆ ಹಿಡಿದುಕೊಂಡೇ ಕುಳಿತುಬಿಟ್ಟೆ. ಬಂದ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮ ಕೊಡುವಾಗಲೂ ಮೊಬೈಲ್ ಸೊಂಟದಲ್ಲೇ ಇತ್ತು.

ಅದು ನೆಲಕ್ಕೆ ಅಪ್ಪಳಿಸಿದ್ದು ಅಲ್ಲಿಯ ಬುಧವಾರ ರಾತ್ರಿ ಎಂಟೂವರೆ ಸುಮಾರಿಗೆ. ನಮಗೆ ಅದು ಗುರುವಾರ ಬೆಳಗಿನ ಆರು ಗಂಟೆ. ಟಿವಿ ಹಾಕಿದರೆ ಹಿಂದಿನ ರಾತ್ರಿ ತೀರಿಕೊಂಡ ರತನ್ ಟಾಟಾ ಅವರ ಸುದ್ದಿಯೇ ಎಲ್ಲ ವಾಹಿನಿಗಳಲ್ಲಿ. ಅದು ಸಹಜವೇ, ದೇಶವೇ ದುಃಖದಲ್ಲಿತ್ತು. ನನಗೆ ಮಾತ್ರ ಲೋಕದಲ್ಲಿ ನನ್ನೊಬ್ಬಳ ಮಗ ಮಾತ್ರ ಗಾಳಿಗೆ ಸಿಕ್ಕಿದ್ದಾನೆ ಅನಿಸಿತು. ಹನ್ನೆರಡು ಗಂಟೆ ಅವನಿಂದ ಒಂದು ಮಾತಿಲ್ಲ. ಅಷ್ಟರಲ್ಲಿ ನಾನು ನಲವತ್ತಕ್ಕೂ ಹೆಚ್ಚು ಸಲ ಕರೆ ಮಾಡಿದ್ದೆ. ಸಂಜೆ ಒಂದು ಸಾಲು ಬಂತು: "ಕ್ಷೇಮ. ಕರೆಂಟ್ ಇಲ್ಲ. ಚಾರ್ಜ್ ಉಳಿಸುತ್ತಿದ್ದೇವೆ."

ಆ ಮೂರನೆಯ ಮಾತು ನನ್ನನ್ನು ಚುಚ್ಚಿತು. ಫ್ಲಾರಿಡಾದಲ್ಲಿ ಆಗ 30 ಲಕ್ಷಕ್ಕೂ ಹೆಚ್ಚು ಮನೆ, ಮಳಿಗೆಗಳಿಗೆ ವಿದ್ಯುತ್ ಇರಲಿಲ್ಲ. ನಾನು ಇಲ್ಲಿ ಗಾಬರಿಯಿಂದ ಒತ್ತಿದ ಒಂದೊಂದು ಕರೆಯೂ ಅಲ್ಲಿ ಅವನ ಫೋನಿನ ಜೀವ ತಿನ್ನುತ್ತಿತ್ತು. ನಿಮ್ಮ ಮನೆಯವರಿಗೆ ಇದನ್ನೇ ಹೇಳಬೇಕೆಂದು ಬರೆಯುತ್ತಿದ್ದೇನೆ: ಫೋನ್ ಮೂಕವಾದರೆ ಅವರಿಗೆ ಏನೋ ಆಯಿತೆಂದು ಎಣಿಸಬೇಡಿ. ಮೊದಲು ಸಾಯುವುದು ಟವರ್, ಆಮೇಲೆ ಬ್ಯಾಟರಿ. ಮನೆಯೊಳಗಿನವರು ಎಷ್ಟೋ ಸಲ ಗೋಡೆಗಳ ನಡುವೆ ಭದ್ರವಾಗಿಯೇ ಇರುತ್ತಾರೆ.

ಇನ್ನೊಂದು ಲೆಕ್ಕ ಬರೆದಿಟ್ಟುಕೊಳ್ಳಿ. ಮಯಾಮಿಯಲ್ಲಿರುವ ರಾಷ್ಟ್ರೀಯ ಹರಿಕೇನ್ ಕೇಂದ್ರ ಆರು ಗಂಟೆಗೊಮ್ಮೆ ಪ್ರಕಟಣೆ ಹೊರಡಿಸುತ್ತದೆ. ಅಲ್ಲಿಯ ಬೇಸಿಗೆ ಸಮಯದಲ್ಲಿ ಅದು ನಮಗೆ ಬೆಳಗ್ಗೆ ಎಂಟೂವರೆ, ಮಧ್ಯಾಹ್ನ ಎರಡೂವರೆ, ರಾತ್ರಿ ಎಂಟೂವರೆ, ಮತ್ತೆ ನಡುರಾತ್ರಿ ಎರಡೂವರೆ. ನಡುರಾತ್ರಿಯದನ್ನು ಬಿಡಿ, ಬೆಳಗ್ಗೆ ನೋಡಿದರಾಯಿತು. ಈ ನಾಲ್ಕರ ನಡುವೆ ವಾಟ್ಸಾಪಿನಲ್ಲಿ ಬರುವ ವಿಡಿಯೋಗಳನ್ನು ತೆರೆಯಲೇಬೇಡಿ. ನನಗೆ ಬಂದವುಗಳಲ್ಲಿ ಒಂದು ಯಾವುದೋ ಹಳೆಯ ಸುನಾಮಿಯದು. ಅದನ್ನು ನೋಡಿ ನಾನು ಊಟ ಬಿಟ್ಟಿದ್ದೆ.

ಹೇಳದೆ ಇರಲಾಗದ ಮಾತು ಒಂದಿದೆ. ಮಗನ ಸುದ್ದಿ ಬಂದ ಮೇಲೆ ತುಪ್ಪದ ದೀಪ ಹಚ್ಚಿದೆ. ಆಮೇಲೆ ಓದಿದೆ: ಎಲ್ಲರೂ ಪಶ್ಚಿಮ ಕರಾವಳಿಯನ್ನು ನೋಡುತ್ತಿದ್ದಾಗ, ಚಂಡಮಾರುತ ನೆಲ ಮುಟ್ಟುವ ಮೊದಲೇ, ಅದರ ಹೊರಸುತ್ತಿನಲ್ಲಿ ಎದ್ದ ಸುಂಟರಗಾಳಿ ಪೂರ್ವ ಕರಾವಳಿಯ ಸೇಂಟ್ ಲೂಸಿ ಕೌಂಟಿಯಲ್ಲಿ ವಯಸ್ಸಾದವರು ವಾಸಿಸುವ ಬಡಾವಣೆಗೆ ನುಗ್ಗಿ ಆರು ಜನರನ್ನು ಬಲಿ ತೆಗೆದುಕೊಂಡಿತ್ತು. ನನ್ನ ವಯಸ್ಸಿನವರು. ಅವರ ಮಕ್ಕಳೂ ಎಲ್ಲಿಂದಲೋ ಫೋನ್ ಹಿಡಿದು ಕುಳಿತಿದ್ದರೇನೋ. ಆ ದೀಪವನ್ನು ಮರುದಿನವೂ ಹಚ್ಚಿದೆ.

ಸೇಂಟ್ ಪೀಟರ್ಸ್‌ಬರ್ಗ್‌ನಿಂದ (ಟ್ಯಾಂಪಾ ಕೊಲ್ಲಿಯ ಆಚೆ ದಡ)

ಸರ್, ನಾನು ನಿಮ್ಮ ಮಗಳ ಜಾಗದಲ್ಲಿದ್ದವಳು. ಮೇಲಿನ ಅಮ್ಮ ಬರೆದದ್ದನ್ನು ಓದುತ್ತ ನನ್ನ ಅಮ್ಮನೇ ಕಣ್ಣ ಮುಂದೆ ಬಂದರು.

ಇವತ್ತೇ ಮಗಳಿಗೆ ಕರೆ ಮಾಡಿ, ಅವರ ಮನೆ ಯಾವ ಸ್ಥಳಾಂತರ ವಲಯದಲ್ಲಿದೆ ಎಂದು ಕೇಳಿ. ಎ ಇಂದ ಇ ವರೆಗೆ ಅಕ್ಷರಗಳಿರುತ್ತವೆ. ಎ ಮೊದಲು ಮನೆ ಬಿಡಬೇಕಾದ ತಗ್ಗು ಪ್ರದೇಶ. ಯಾವ ಅಕ್ಷರವೂ ಇಲ್ಲದ ಮನೆಗಳೂ ಇವೆ. ವಿಮೆಯವರು ಹೇಳುವ ಪ್ರವಾಹ ವಲಯ ಬೇರೆಯೇ ಲೆಕ್ಕ, ಎರಡನ್ನೂ ಒಂದೇ ಎಂದು ತಿಳಿದು ಮೋಸಹೋದವರು ನಮ್ಮ ಬೀದಿಯಲ್ಲೇ ಇದ್ದಾರೆ. ಟಿವಿಯವರು ಹೇಳುವ ವರ್ಗ ಗಾಳಿಯ ವೇಗವನ್ನಷ್ಟೇ ಅಳೆಯುತ್ತದೆ, ನೀರಿನ ವಿಷಯ ಅದರಲ್ಲಿಲ್ಲ. 2024ರ ಸೆಪ್ಟೆಂಬರ್ 26ರಂದು ಹೆಲೀನ್ ಚಂಡಮಾರುತ ನಮ್ಮಿಂದ ದೂರ, ಮೆಕ್ಸಿಕೊ ಕೊಲ್ಲಿಯ ನಡುವೆಯೇ ಉತ್ತರಕ್ಕೆ ಹಾದುಹೋಯಿತು. ಆದರೂ ಕಡಲು ಆರೇಳು ಅಡಿ ಉಕ್ಕಿ ಮನೆಗಳಿಗೆ ನುಗ್ಗಿತು. ನೆನೆದ ಸೋಫಾ, ಹಾಸಿಗೆ, ಫ್ರಿಜ್‌ಗಳನ್ನು ರಸ್ತೆ ಬದಿಯಲ್ಲಿ ರಾಶಿ ಹಾಕಿದ್ದೆವು. ಅವನ್ನು ಎತ್ತಿ ಮುಗಿಸುವ ಮೊದಲೇ, ಹದಿಮೂರನೆಯ ದಿನ ಮಿಲ್ಟನ್.

ಆ ಸಲ ನಮ್ಮನ್ನು ನಿಜವಾಗಿ ಕಾಪಾಡಿದ್ದು ಬೆಂಗಳೂರಿನಲ್ಲಿದ್ದ ನನ್ನ ಅಣ್ಣ. "ಏನಾಗುತ್ತಿದೆ" ಎಂದು ಅವನು ಒಮ್ಮೆಯೂ ಕೇಳಲಿಲ್ಲ. "ನೀವು ಸಾಮಾನು ಕಟ್ಟಿ, ರೂಮ್ ನಾನು ಹುಡುಕುತ್ತೇನೆ" ಎಂದ. ನಾವು ಕಿಟಕಿಗೆ ಪ್ಲೈವುಡ್ ಹೊಡೆದು ಸುಸ್ತಾಗಿ ಮಲಗಿದ್ದಾಗ ಅವನಿಗೆ ಹಗಲು. ಒಂದೊಂದೇ ಹೋಟೆಲಿಗೆ ಕರೆ ಮಾಡಿ ಕೊನೆಗೆ ಪೆನ್ಸಕೋಲಾ ಹತ್ತಿರ ಒಂದು ಕೋಣೆ ಹಿಡಿದ. ಏಳು ಗಂಟೆಯ ದಾರಿ ಹನ್ನೊಂದು ಗಂಟೆ ಹಿಡಿಯಿತು. ಎಲ್ಲಿ ಪೆಟ್ರೋಲ್ ಉಳಿದಿದೆ ಎಂದು ಅವನೇ ಅಲ್ಲಿಂದ ನೋಡಿ ಸಂದೇಶ ಕಳಿಸುತ್ತಿದ್ದ. ಇಡೀ ಬಳಗಕ್ಕೆ ಸುದ್ದಿ ಮುಟ್ಟಿಸುವವನೂ ಅವನೊಬ್ಬನೇ. ಚಿಕ್ಕಮ್ಮ, ಸೋದರಮಾವ, ಅತ್ತೆಯ ಮನೆಯವರು ಯಾರೇ ಕೇಳಿದರೂ ಅವನಿಗೇ ಫೋನ್ ಮಾಡಬೇಕು, ನನಗಲ್ಲ. ಮೇಷ್ಟ್ರೇ, ಈ ಕೆಲಸಕ್ಕೆ ನಿಮ್ಮ ಮನೆಯಲ್ಲಿ ಗಟ್ಟಿ ಮನಸ್ಸಿನವರೊಬ್ಬರನ್ನು ಈಗಲೇ ಆರಿಸಿ. ಕರೆ ಹೋಗದಿದ್ದರೂ ಬರಹದ ಸಂದೇಶ ಎಷ್ಟೋ ಸಲ ದಾಟುತ್ತದೆ.

ಭವಿಷ್ಯ ಹೇಳಿದಂತೆ ಆಗಲಿಲ್ಲ ಎನ್ನುವುದೂ ನಿಜ. ಟ್ಯಾಂಪಾ ಕೊಲ್ಲಿಯಲ್ಲಿ 10ರಿಂದ 15 ಅಡಿ ನೀರು ಏರಬಹುದೆಂದು ಹೆದರಿದ್ದರು. ಮಿಲ್ಟನ್ ದಕ್ಷಿಣಕ್ಕೆ ಸರಿದು ಸಿಯೆಸ್ಟಾ ಕೀ ಬಳಿ ನೆಲ ಮುಟ್ಟಿತು, ಕೊಲ್ಲಿಯ ನೀರು ಏರುವ ಬದಲು ಗಾಳಿಗೆ ಹಿಂದೆ ಸರಿಯಿತು. ಆದರೆ ನಮ್ಮ ಊರಿನ ಮೇಲೆ 18 ಅಂಗುಲಕ್ಕೂ ಹೆಚ್ಚು ಮಳೆ ಸುರಿಯಿತು, ಬೇಸ್‌ಬಾಲ್ ಕ್ರೀಡಾಂಗಣದ ಚಾವಣಿ ಹರಿದು ಚಿಂದಿಯಾಯಿತು. ಸುಮ್ಮನೆ ಹೋದಿರಿ ಎಂದು ಆಮೇಲೆ ಅಂದವರಿದ್ದಾರೆ. ಮತ್ತೆ ಹೇಳಿದರೆ ಮತ್ತೆ ಹೋಗುತ್ತೇನೆ.

ಹೊಟ್ಟೆಯ ವಿಷಯ: ಇಲ್ಲಿ ಹೆಚ್ಚಿನ ಮನೆಗಳಲ್ಲಿ ಒಲೆ ವಿದ್ಯುತ್ತಿನದು, ಕರೆಂಟ್ ಹೋದರೆ ಅನ್ನವೂ ಇಲ್ಲ. ನೀವು ಕಳಿಸುವ ಪೊಟ್ಟಣದಲ್ಲಿ ತೆಳು ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ ಇರಲಿ. ಅಮ್ಮನ ಗೊಜ್ಜವಲಕ್ಕಿ ಪುಡಿಯಲ್ಲಿ ನಾವು ಮೂರು ದಿನ ತಳ್ಳಿದೆವು.

ಹ್ಯೂಸ್ಟನ್‌ನಿಂದ

ನನ್ನ ಅನುಭವ 2017ರ ಹಾರ್ವೆ ಚಂಡಮಾರುತದ್ದು. ಅದು ಟೆಕ್ಸಸ್ ಕರಾವಳಿಗೆ ಬಡಿದ ಆಗಸ್ಟ್ 25 ಗಣೇಶ ಚತುರ್ಥಿ. ಕಡಬು ತಿಂದು ಮಲಗಿದೆವು. ನಮ್ಮಲ್ಲಿ ಗಾಳಿ ಅಷ್ಟೇನೂ ಇರಲಿಲ್ಲ, ಊರಿನವರಿಗೆ "ಗಂಡಾಂತರ ಕಳೆಯಿತು" ಎಂದು ಹೇಳಿಯೂ ಬಿಟ್ಟೆ. ಆಮೇಲೆ ಅದು ಮುಂದೆ ಹೋಗದೆ ಅಲ್ಲೇ ನಿಂತು ಮಳೆ ಸುರಿಸಿತು. ಟೆಕ್ಸಸ್‌ನ ನೆಡರ್‌ಲ್ಯಾಂಡ್‌ನಲ್ಲಿ 60 ಅಂಗುಲ ದಾಟಿತು. ಆಡಿಕ್ಸ್ ಮತ್ತು ಬಾರ್ಕರ್ ಜಲಾಶಯಗಳು ತುಂಬಿ, 28ರ ನಸುಕಿನಲ್ಲಿ ನೀರು ಹೊರಬಿಡಬೇಕಾಯಿತು. ಮಳೆಯನ್ನು ತಡೆದುಕೊಂಡ ಎಷ್ಟೋ ಮನೆಗಳಿಗೆ ಆ ನೀರು ಬಂತು. ನನ್ನ ಮನೆಯಲ್ಲಿ ಮೊಣಕಾಲುದ್ದ. ಗಣಪತಿಯನ್ನು ಮೊದಲು ಅಟ್ಟಕ್ಕೆ ಏರಿಸಿದವಳು ನನ್ನ ಎಂಟು ವರ್ಷದ ಮಗಳು.

ಆದ್ದರಿಂದ ನಕ್ಷೆಯಲ್ಲಿ ಬಿರುಗಾಳಿ ದಾಟಿದ ಕೂಡಲೇ ನಿಟ್ಟುಸಿರು ಬಿಡಬೇಡಿ, ಇನ್ನೂ ಮೂರು ನಾಲ್ಕು ದಿನ ವಿಚಾರಿಸುತ್ತಿರಿ. ಮೊದಲ ವಾರ ಎಲ್ಲರೂ ಕರೆ ಮಾಡಿದರು. ಒಂದು ತಿಂಗಳ ನಂತರ, ಗೋಡೆಯ ಹಲಗೆಗಳನ್ನು ಕಿತ್ತು ಬೂಷ್ಟಿನ ವಾಸನೆಯಲ್ಲಿ ಬದುಕುತ್ತಿದ್ದಾಗ, ಕರೆ ಮಾಡಿದವರು ನನ್ನ ಅಪ್ಪ ಒಬ್ಬರೇ.

ಅಳಿಯಂದಿರಿಗೆ ಎರಡು ಮಾತು. ಮಾಮೂಲಿ ಮನೆ ವಿಮೆ ಪ್ರವಾಹಕ್ಕೆ ಬರುವುದಿಲ್ಲ. ಸರ್ಕಾರದ ಪ್ರವಾಹ ವಿಮೆ ಬೇರೆ ಮಾಡಿಸಬೇಕು, ಅದು ಸಾಮಾನ್ಯವಾಗಿ 30 ದಿನಗಳ ನಂತರವೇ ಜಾರಿಗೆ ಬರುತ್ತದೆ. ಚಂಡಮಾರುತ ಕಂಡ ಮೇಲೆ ಮಾಡಿಸಿ ಪ್ರಯೋಜನವಿಲ್ಲ. ಜನರೇಟರ್ ಇದ್ದರೆ ಮನೆಯ ಹೊರಗೆ, ಕಿಟಕಿ ಬಾಗಿಲುಗಳಿಂದ ದೂರದಲ್ಲೇ ಓಡಿಸಬೇಕು. ಗ್ಯಾರೇಜಿನಲ್ಲಿ ಇಟ್ಟು ಅದರ ಹೊಗೆಗೆ ನಿದ್ದೆಯಲ್ಲೇ ಸತ್ತವರು ಪ್ರತಿ ಸಲವೂ ಇರುತ್ತಾರೆ.

ಧಾರವಾಡದಿಂದ

ತಮ್ಮ ಇದ್ದದ್ದು ಫ್ಲಾರಿಡಾದ ಫೋರ್ಟ್ ಮಯರ್ಸ್‌ನಲ್ಲಿ. 2022ರಲ್ಲಿ ಇಯಾನ್ ಚಂಡಮಾರುತ ಟ್ಯಾಂಪಾ ಕಡೆ ಹೊರಟಿದೆ ಎಂದು ಮೊದಲು ಹೇಳುತ್ತಿದ್ದರು, ನಾವು ಅವನ ಬಗ್ಗೆ ಚಿಂತಿಸಲೇ ಇಲ್ಲ. ಸೆಪ್ಟೆಂಬರ್ 28ರಂದು ಅದು ಅವನ ಕರಾವಳಿಗೇ ಬಂತು. ನಕ್ಷೆಯಲ್ಲಿ ತೋರಿಸುವ ಬಿಳಿಯ ಶಂಕು ಚಂಡಮಾರುತದ ಅಗಲವಲ್ಲ. ಅದರ ನಡುಬಿಂದು ಎಲ್ಲಿ ಹೋಗಬಹುದೆಂಬ ಅಂದಾಜು, ಅದೂ ಮೂರರಲ್ಲಿ ಎರಡು ಪಾಲು ಮಾತ್ರ ಸರಿಹೋಗುವಂಥದ್ದು. ಶಂಕುವಿನ ಅಂಚಿನಲ್ಲಿದ್ದರೂ ಹೊರಗಿದ್ದರೂ ತಯಾರಿರಬೇಕು. ತಮ್ಮ ಬದುಕಿದ. ಅವನ ಪಕ್ಕದ ಮನೆಯ ಅಜ್ಜ ಬದುಕಲಿಲ್ಲ.

ಶಿವಮೊಗ್ಗದಿಂದ ಮತ್ತೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ರಾತ್ರಿ ಎಲ್ಲವನ್ನೂ ಗಟ್ಟಿಯಾಗಿ ಓದಿದೆ. ಮೈಸೂರಿನ ತಾಯಿ ಹಚ್ಚಿದ ದೀಪದ ಮಾತಿಗೆ ಬಂದಾಗ ನನ್ನ ಹೆಂಡತಿ ಎದ್ದು ಒಳಗೆ ಹೋದಳು, ಸ್ವಲ್ಪ ಹೊತ್ತಿನ ಮೇಲೆ ಬಂದು "ಮುಂದೆ ಓದಿ" ಎಂದಳು.

ಮಗಳ ಮನೆ ಬಿ ವಲಯದಲ್ಲಿದೆಯಂತೆ. ಅವಳಿಗೂ ಗೊತ್ತಿರಲಿಲ್ಲ, ನಾನು ಕೇಳಿದ ಮೇಲೆ ನೋಡಿ ಹೇಳಿದಳು. ಸುದ್ದಿ ಮುಟ್ಟಿಸುವ ಹೊಣೆ ಹುಬ್ಬಳ್ಳಿಯಲ್ಲಿರುವ ನನ್ನ ಮಗನಿಗೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಆ ಅಕ್ಷರವನ್ನೂ ಎಂಟೂವರೆ, ಎರಡೂವರೆಗಳನ್ನೂ ಬರೆದಿದ್ದೇನೆ. ಅವಲಕ್ಕಿ ನಾಳೆ ತರುತ್ತೇನೆ. ತೆಳುವಾದದ್ದೇ ಆಗಬೇಕೆಂದು ಅವಳು ಎರಡು ಸಲ ಹೇಳಿದ್ದಾಳೆ.